ಗೇರ್‌ಬಾಕ್ಸ್ ಇಳಿಸದೆ ತೀರ್ಪು ಬೇಡ: ಚನ್ನಪಟ್ಟಣದ ತಮ್ಮನಿಗೊಂದು ಬಹಿರಂಗ ಪತ್ರ

ರಾಮನಗರ

ಪ್ರೀತಿಯ ತಮ್ಮಾ,

ನಿನ್ನ ಅಬಾರ್ತ್ ಪುಂಟೊ ಕಾರಿನ ಕ್ಲಚ್ ಸ್ಲಿಪ್ ಆಗುತ್ತಿದೆ ಎಂದು ಬರೆದಿದ್ದೀಯ. ಮಾಗಡಿಯ ಗ್ಯಾರೇಜಿನವರು ‘ಹಳೇ ಪ್ಲೇಟಿಗೆ ಲೈನಿಂಗ್ ಹೊಡೆಸಿ ಹಾಕೋಣ, ಓಡುತ್ತೆ’ ಅಂದರಂತೆ. ಬೆಂಗಳೂರಿನವರು ‘ಫ್ಲೈವೀಲ್ ಸಮೇತ ಪೂರ್ತಿ ಹೊಸ ಸೆಟ್ ಹಾಕಿಸೋದಾದರೆ ಮಾತ್ರ ಗಾಡಿ ಒಳಗೆ ಬಿಡಿ’ ಅಂದರಂತೆ. ಎರಡೂ ಅಂದಾಜು ಪಟ್ಟಿಗಳನ್ನು ಕಳಿಸಿ ‘ಅಣ್ಣಾ, ಯಾವುದು ಸರಿ?’ ಎಂದು ಕೇಳಿದ್ದೀಯ.

ನಿನಗೊಬ್ಬನಿಗೇ ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಬಿಡದಿಯಿಂದ ಕನಕಪುರದವರೆಗೆ ಈಗ ನಿನ್ನಂಥವರು ಬಹಳ ಜನ ಇದ್ದಾರೆ. ಬೆಂಗಳೂರಿನವರು ನಾಲ್ಕೈದು ವರ್ಷ ಓಡಿಸಿ ಮಾರಿದ ಪುಂಟೊ, ಪೋಲೊ, ಲಾರಾ ಆರ್‌ಎಸ್, ಹಳೆಯ ಆಕ್ಟೇವಿಯಾ ಆರ್‌ಎಸ್ ಕಾರುಗಳನ್ನು ಆಸೆಪಟ್ಟು, ಕೂಡಿಟ್ಟ ದುಡ್ಡು ಕೊಟ್ಟು ಕೊಂಡವರು. ಅವರಿಗೆಲ್ಲ ಮೊದಲು ಎದುರಾಗುವ ದೊಡ್ಡ ಖರ್ಚು ಕ್ಲಚ್ಚಿನದೇ. ಅದಕ್ಕೇ ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ.

ಆ ಎರಡೂ ಪಟ್ಟಿಗಳ ಬಗ್ಗೆ ನನ್ನ ತಕರಾರು ಒಂದೇ. ಇಬ್ಬರೂ ಗೇರ್‌ಬಾಕ್ಸ್ ಇಳಿಸಿ ನೋಡಿಲ್ಲ. ನೋಡದೆ ಒಬ್ಬರು ಎಲ್ಲವನ್ನೂ ಉಳಿಸಿದರು, ಇನ್ನೊಬ್ಬರು ಎಲ್ಲವನ್ನೂ ಎಸೆದರು. ಕ್ಲಚ್ ಎಂದರೆ ಒಂದು ವಸ್ತುವಲ್ಲ, ಐದಾರು ವಸ್ತುಗಳ ಕೂಟ. ಒಂದೊಂದೂ ಬೇರೆ ಬೇರೆ ಕಾರಣಕ್ಕೆ, ಬೇರೆ ಬೇರೆ ವೇಗದಲ್ಲಿ ಸವೆಯುತ್ತದೆ. ರಿಪೇರಿಯೋ ಹೊಸದೋ ಎಂಬ ಪ್ರಶ್ನೆಯನ್ನು ಇಡೀ ಕೂಟಕ್ಕೆ ಒಟ್ಟಿಗೆ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಪ್ರತಿಯೊಂದಕ್ಕೂ ಬೇರೆಯಾಗಿ ಕೇಳಬೇಕು.

ಇಳಿಸುವುದಕ್ಕೂ ಮೊದಲು ಒಂದು ಪರೀಕ್ಷೆ ಮಾಡು. ಖಾಲಿ ರಸ್ತೆಯಲ್ಲಿ, ಎಂಜಿನ್ ಬಿಸಿಯಾದ ಮೇಲೆ, ನಾಲ್ಕನೇ ಗೇರಿನಲ್ಲಿ ಕಡಿಮೆ ಆರ್‌ಪಿಎಂ ಇಟ್ಟುಕೊಂಡು ಆಕ್ಸಿಲರೇಟರ್ ಪೂರ್ತಿ ಒತ್ತು. ಆರ್‌ಪಿಎಂ ಮುಳ್ಳು ಸರ್ರನೆ ಏರಿ, ಕಾರಿನ ವೇಗ ಅದರ ಜತೆ ಏರದಿದ್ದರೆ ಸ್ಲಿಪ್ ನಿಜ. ಇದಕ್ಕೆ ಎಕ್ಸ್‌ಪ್ರೆಸ್‌ವೇಗೆ ಹೋಗಿ ಕ್ಯಾಮೆರಾ ಎದುರು ಸಾಹಸ ಮಾಡಬೇಕಿಲ್ಲ. ಮಾಗಡಿಯಿಂದ ಸಾವನದುರ್ಗದ ಕಡೆ ಹೋಗುವ ಏರಿನಲ್ಲಿ ಐವತ್ತರ ವೇಗದೊಳಗೇ ಗೊತ್ತಾಗುತ್ತದೆ. ಗೇರ್ ಬೀಳುವುದು ಕಷ್ಟ, ರಿವರ್ಸ್ ಹಾಕಿದರೆ ಕರಕರ ಸದ್ದು ಎನ್ನುವುದಾದರೆ ಅದು ಬೇರೆ ಕಾಯಿಲೆ. ಪೆಡಲಿನಿಂದ ಬೇರಿಂಗಿನವರೆಗೆ ಹೋಗುವ ಎಣ್ಣೆಯ ದಾರಿಯಲ್ಲಿ ಗಾಳಿ ಸೇರಿರಬಹುದು, ಸಿಲಿಂಡರ್ ಸೋರುತ್ತಿರಬಹುದು. ಅದಕ್ಕೆ ಪ್ಲೇಟ್ ಬದಲಿಸಿದರೆ ದುಡ್ಡು ಹೋಗುತ್ತದೆ, ರೋಗ ಉಳಿಯುತ್ತದೆ.

ಪೆಡಲ್ ಇತ್ತೀಚೆಗೆ ಭಾರವಾಗಿದೆ ಎಂದೂ ಬರೆದಿದ್ದೀಯಲ್ಲ, ಅದು ಬಹಳ ಉಪಯೋಗದ ಮಾತು. ಪ್ರೆಷರ್ ಪ್ಲೇಟಿನೊಳಗೆ ಬೆರಳು ಬೆರಳಾಗಿ ಸೀಳಿದ ತಟ್ಟೆಯಂಥ ಡಯಾಫ್ರಮ್ ಸ್ಪ್ರಿಂಗ್ ಇರುತ್ತದೆ. ಲೈನಿಂಗ್ ತೆಳುವಾದಂತೆ ಆ ಸ್ಪ್ರಿಂಗ್ ಕೂತ ಕೋನ ಬದಲಾಗುತ್ತದೆ. ಮೊದಲು ಅದರ ಒತ್ತಡ ಹೆಚ್ಚುತ್ತದೆ, ಪೆಡಲ್ ಕಾಲಿಗೆ ಗಟ್ಟಿ ಎನ್ನಿಸುತ್ತದೆ. ಇನ್ನೂ ಸವೆದರೆ ಅದೇ ಒತ್ತಡ ಇಳಿಯುತ್ತಾ ಬಂದು ಪ್ಲೇಟ್ ಜಾರುತ್ತದೆ. ಭಾರವಾದ ಪೆಡಲ್, ಆಮೇಲೆ ಸ್ಲಿಪ್: ಈ ಕ್ರಮದಲ್ಲಿ ಬಂದಿದ್ದರೆ ನಿನ್ನ ಪ್ಲೇಟ್ ತನ್ನ ಆಯಸ್ಸು ಮುಗಿಸಿ ಸವೆದಿದೆ ಎಂದೇ ಹೆಚ್ಚಿನ ಸಂಭವ. ಪೆಡಲ್ ಹಗುರವಾಗೇ ಇದ್ದು ಒಂದು ದಿನ ಇದ್ದಕ್ಕಿದ್ದಂತೆ ಜಾರಿದ್ದರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಸೋರಿ ಲೈನಿಂಗಿಗೆ ಎಣ್ಣೆ ಕುಡಿಸಿರಬಹುದೇ ಎಂದು ನಾನು ಮೊದಲು ಅನುಮಾನಿಸುತ್ತಿದ್ದೆ.

ಈಗ ಲೆಕ್ಕಕ್ಕೆ ಬಾ. ನಿನ್ನ ಕಾರು 2015ರ ಅಕ್ಟೋಬರಿನಲ್ಲಿ 9.95 ಲಕ್ಷ ರೂಪಾಯಿ ಎಕ್ಸ್ ಶೋರೂಂ ಬೆಲೆಗೆ ಬಂದದ್ದು. 1.4 ಲೀಟರಿನ ಟಿ–ಜೆಟ್ ಟರ್ಬೊ, 145 ಅಶ್ವಶಕ್ತಿ, 212 ನ್ಯೂಟನ್ ಮೀಟರ್ ಟಾರ್ಕ್. ಕ್ಲಚ್ ಎಷ್ಟು ಟಾರ್ಕ್ ಹಿಡಿದುಕೊಳ್ಳಬಲ್ಲದು ಎಂಬುದಕ್ಕೆ ನಾಲ್ಕು ಸಂಗತಿ ಗೊತ್ತಾದರೆ ಸಾಕು: ಉಜ್ಜುವ ಮುಖಗಳು ಎರಡು, ಘರ್ಷಣೆಯ ಗುಣಾಂಕ, ಸ್ಪ್ರಿಂಗ್ ಒತ್ತುವ ಬಲ, ಪ್ಲೇಟಿನ ಸರಾಸರಿ ತ್ರಿಜ್ಯ. ಇವನ್ನೆಲ್ಲ ಗುಣಿಸಬೇಕು, ಅಷ್ಟೇ. ಉದಾಹರಣೆಗೆ ಗುಣಾಂಕ 0.3, ಬಲ 5000 ನ್ಯೂಟನ್, ತ್ರಿಜ್ಯ 9 ಸೆಂಟಿಮೀಟರ್ ಎಂದು ಇಟ್ಟುಕೊಂಡರೆ 270 ನ್ಯೂಟನ್ ಮೀಟರ್ ಬರುತ್ತದೆ. 212ರ ಎಂಜಿನ್ನಿಗೆ ನೆಮ್ಮದಿಯ ಅಂತರ. ಅದೇ ಲೈನಿಂಗ್ ಸುಟ್ಟು ಗಾಜಿನಂತೆ ನುಣುಪಾಗಿಯೋ, ಎಣ್ಣೆ ಕುಡಿದೋ ಗುಣಾಂಕ 0.2ಕ್ಕೆ ಇಳಿಯಲಿ, ಹಿಡಿತ 180ಕ್ಕೆ ಬೀಳುತ್ತದೆ. ದಪ್ಪ ಇನ್ನೂ ಉಳಿದಿದ್ದರೂ ಪ್ಲೇಟ್ ಜಾರುತ್ತದೆ. ಇನ್ನೊಂದು ಕಡೆಯಿಂದ ನೋಡು. ನೀನು ಆಸೆಪಡುತ್ತಿರುವ ರೀಮ್ಯಾಪ್ ಮಾಡಿಸಿ ಟಾರ್ಕ್ 270ಕ್ಕೆ ಏರಿಸಿದೆ ಎನ್ನು, ಹೊಚ್ಚ ಹೊಸ ಕ್ಲಚ್ಚಿಗೂ ಉಸಿರಾಡಲು ಜಾಗ ಉಳಿಯುವುದಿಲ್ಲ. ಹಾಗಾಗಿ ಗ್ಯಾರೇಜಿಗೆ ಹೋಗುವ ಮುನ್ನ ನೀನೇ ತೀರ್ಮಾನಿಸಬೇಕಾದದ್ದು ಒಂದಿದೆ: ಈ ಕಾರನ್ನು ಕಂಪನಿ ಕೊಟ್ಟ ಶಕ್ತಿಯಲ್ಲೇ ಓಡಿಸುತ್ತೀಯಾ, ಏರಿಸುತ್ತೀಯಾ? ಅದನ್ನು ಮೆಕ್ಯಾನಿಕ್ಕಿಗೆ ಮುಚ್ಚಿಡದೆ ಹೇಳು.

ಇನ್ನು ಲೈನಿಂಗ್ ಹೊಡೆಸುವ ವಿಚಾರ. ಮಾಗಡಿಯವರು ನಿನಗೆ ಮೋಸ ಮಾಡಲು ಹೊರಟಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ಅವರು ತಮಗೆ ಗೊತ್ತಿರುವ, ಕಣ್ಣಾರೆ ಕಂಡಿರುವ ಕೆಲಸವನ್ನೇ ಹೇಳಿದ್ದಾರೆ. ನಮ್ಮ ಕಡೆ ಆ ಕೆಲಸ ಬೆಳೆದದ್ದು ಟ್ರ್ಯಾಕ್ಟರಿನಿಂದ, ಕನಕಪುರದ ಗ್ರಾನೈಟ್ ಹೊರುವ ಲಾರಿಗಳಿಂದ. ಹಳೆಯ ರಿವಿಟ್ ಕೊರೆದು ತೆಗೆದು, ಹೊಸ ಲೈನಿಂಗ್ ಕೂರಿಸಿ, ಮತ್ತೆ ರಿವಿಟ್ ಹೊಡೆದ ಪ್ಲೇಟುಗಳು ಕಲ್ಲು ಹೊತ್ತು ವರ್ಷಗಟ್ಟಲೆ ಓಡಿವೆ. ಆ ಕೈಕೆಲಸದ ಬಗ್ಗೆ ನನಗೆ ಗೌರವವಿದೆ.

ಆದರೆ ಲಾರಿಯ ಎಂಜಿನ್ ಎರಡು ಸಾವಿರ ಚಿಲ್ಲರೆ ಆರ್‌ಪಿಎಂನಲ್ಲಿ ದುಡಿಯುತ್ತದೆ. ನಿನ್ನದು ಆರು ಸಾವಿರ ದಾಟುತ್ತದೆ. 11 ಸೆಂಟಿಮೀಟರ್ ತ್ರಿಜ್ಯದ ಪ್ಲೇಟ್ 6500 ಆರ್‌ಪಿಎಂನಲ್ಲಿ ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 270 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಲೈನಿಂಗನ್ನು ಹೊರಗೆ ಕಿತ್ತೆಸೆಯಲು ನೋಡುವ ಬಲ ವೇಗದ ವರ್ಗದಂತೆ ಏರುತ್ತದೆ. 2200ಕ್ಕೂ 6500ಕ್ಕೂ ಹೋಲಿಸಿದರೆ, ತ್ರಿಜ್ಯ ಒಂದೇ ಆಗಿದ್ದರೂ ಹೆಚ್ಚುಕಡಿಮೆ ಒಂಬತ್ತು ಪಟ್ಟು. ಅವಸರದಲ್ಲಿ ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿದೆ ಎನ್ನು. ಕ್ಲಚ್ ಒತ್ತಿಕೊಂಡೇ ಇದ್ದರೂ ಪ್ಲೇಟನ್ನು ಚಕ್ರಗಳೇ ತಿರುಗಿಸುತ್ತಿರುತ್ತವೆ, ಅದು ಎಂಜಿನ್ನಿನ ಮಿತಿಯನ್ನೂ ಮೀರಿ ತಿರುಗುತ್ತದೆ. ಆ ಹೊತ್ತಿನಲ್ಲಿ ಲೈನಿಂಗ್ ಕಳಚಿದರೆ ಗೇರ್‌ಬಾಕ್ಸಿನ ಮುಂಭಾಗದ ಗಂಟೆಯಾಕಾರದ ಅಲ್ಯೂಮಿನಿಯಂ ಹೊದಿಕೆಯೇ ಒಡೆಯಬಹುದು. ಡ್ರ್ಯಾಗ್ ರೇಸಿನ ಕಾರುಗಳಲ್ಲಿ ಕ್ಲಚ್ಚಿನ ಸುತ್ತ ದಪ್ಪ ಉಕ್ಕಿನ ಕವಚ ಹಾಕುವುದು ಈ ಭಯಕ್ಕೇ. ಆ ಕವಚದ ಹಿಂದೆ ಇರುವುದು ಚಾಲಕನ ಕಾಲು.

ಇನ್ನೂ ಒಂದು ಕಾರಣವಿದೆ. ಪ್ಲೇಟಿನ ಎರಡು ಲೈನಿಂಗುಗಳ ನಡುವೆ ಅಲೆಯಂತೆ ಬಾಗಿದ ತೆಳು ಉಕ್ಕಿನ ಹಾಳೆಗಳಿರುತ್ತವೆ. ಕ್ಲಚ್ ಮೆಲ್ಲಗೆ ಹಿಡಿಯುವುದು ಅವುಗಳ ದಯೆಯಿಂದ. ಬಿಸಿಗೆ ಅವು ಚಪ್ಪಟೆಯಾಗಿದ್ದರೆ ಮೇಲೆ ಎಂಥ ಹೊಸ ಲೈನಿಂಗ್ ಹಾಕಿದರೂ ಕಾರು ಹೊರಡುವಾಗ ಗಡಗಡ ನಡುಗುತ್ತದೆ. ಮಧ್ಯದ ಹಬ್‌ನ ಸ್ಪ್ರಿಂಗುಗಳು ಸಡಿಲವಾಗಿದ್ದರೂ ಹಾಗೇ. ಆದ್ದರಿಂದ ನಿನ್ನ ಕಾರಿನ ಮಟ್ಟಿಗೆ ನನ್ನ ಮಾತು ಖಚಿತ: ಪ್ಲೇಟ್ ಹೊಸದೇ ಆಗಬೇಕು. ರಿಲೀಸ್ ಬೇರಿಂಗ್ ಕೂಡ. ಬೆಲೆಯಲ್ಲಿ ಅದು ಚಿಕ್ಕದು, ಆದರೆ ಅದೊಂದು ಕೂಗಿದರೂ ಇಡೀ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು, ಡ್ರೈವ್ ಶಾಫ್ಟ್ ಬಿಚ್ಚಬೇಕು, ಅದೇ ಕೂಲಿ ಎರಡನೇ ಸಲ ಕೊಡಬೇಕು. ಆಯಿಲ್ ಸೀಲಿನ ಅಂಚಿನಲ್ಲಿ ತೇವ ಕಂಡರೆ ಅದನ್ನೂ ಅದೇ ದಿನ ಬದಲಿಸು.

ಪ್ರೆಷರ್ ಪ್ಲೇಟ್ ಸಿಕ್ಕರೆ ಹೊಸದನ್ನೇ ಹಾಕು. ಸಿಗದಿದ್ದರೆ ಏನು ಮಾಡುವುದು ಎಂಬುದೇ ನಿನ್ನ ಕಾರಿನ ನಿಜವಾದ ಸಂಕಟ. ಪುಣೆ ಹತ್ತಿರದ ರಂಜನಗಾಂವ್‌ನಲ್ಲಿ ಪುಂಟೊ ತಯಾರಿಕೆ ನಿಂತು ವರ್ಷಗಳೇ ಆದವು. 2020ರ ಏಪ್ರಿಲ್ 1ರ ಬಿಎಸ್–6 ನಿಯಮ ಬರುವ ಮುನ್ನವೇ ಫಿಯೆಟ್ ಹೆಸರಿನ ಕಾರು ಇಲ್ಲಿ ಮುಗಿದಿತ್ತು. ಭಾಗಕ್ಕಾಗಿ ಕಾಯಬೇಕಾಗಬಹುದು. ಆಗ ಹಳೆಯ ಪ್ರೆಷರ್ ಪ್ಲೇಟನ್ನು ಸರಿಮಾಡಿಸುವುದರಲ್ಲಿ ತಪ್ಪಿಲ್ಲ. ಆದರೆ ಸುತ್ತಿಗೆ, ಉಪ್ಪುಕಾಗದ ಹಿಡಿದು ಮಾಡುವ ಕೆಲಸವಲ್ಲ ಅದು. ಮುಖವನ್ನು ಗ್ರೈಂಡ್ ಮಾಡಿ, ಸ್ಪ್ರಿಂಗ್ ಬದಲಿಸಿ, ಪ್ರೆಸ್‌ನಲ್ಲಿಟ್ಟು ಎಷ್ಟು ಬಲ ಒತ್ತುತ್ತಿದೆ ಎಂದು ಅಳೆದು, ಬ್ಯಾಲೆನ್ಸ್ ಮಾಡಿ ಕೊಡುವವರ ಹತ್ತಿರ ಹೋಗಬೇಕು. ಆ ಅಳತೆಯ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆದುಕೊಡಲು ಒಪ್ಪುವವರಿಗೆ ಕೆಲಸ ಕೊಡು. ಒಪ್ಪದವರಿಗೆ ನಮಸ್ಕಾರ ಹೇಳಿ ವಾಪಸ್ ಬಾ.

ಫ್ಲೈವೀಲ್ ವಿಷಯಕ್ಕೆ ಬಂದರೆ ನಾನು ಬೆಂಗಳೂರಿನವರ ಪಟ್ಟಿಯನ್ನು ಒಪ್ಪುವುದಿಲ್ಲ. ನಿಮ್ಮೂರಿನ ಬೊಂಬೆ ಕೆಲಸ ನೀನು ಚಿಕ್ಕಂದಿನಿಂದ ನೋಡಿದ್ದೀಯ. ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಎಷ್ಟು ಒತ್ತಬೇಕು, ಎಷ್ಟು ಹೊತ್ತು ಹಿಡಿಯಬೇಕು ಎಂಬುದು ಕೈಗೆ ಗೊತ್ತಿರಬೇಕು, ಹೆಚ್ಚಾದರೆ ಬಣ್ಣ ಕೆಡುತ್ತದೆ. ಕ್ಲಚ್ಚಿನೊಳಗೂ ನಡೆಯುವುದು ಅದೇ ಉಜ್ಜುವಿಕೆ, ಅದೇ ಬಿಸಿ. ಆ ಬಿಸಿಯನ್ನು ಹೀರಿಕೊಳ್ಳಬೇಕಾದ ಕಬ್ಬಿಣವೇ ಫ್ಲೈವೀಲ್. ಟೋಲ್ ಸಾಲಿನಲ್ಲಿ, ಮಾಗಡಿ ರಸ್ತೆಯ ಟ್ರಾಫಿಕ್‌ನಲ್ಲಿ ಹಾಫ್ ಕ್ಲಚ್ ಮೇಲೆ ಕಾರು ನಿಲ್ಲಿಸಿಕೊಂಡ ಪ್ರತಿ ಸಲವೂ ಅದರ ಮುಖ ಕಾದಿರುತ್ತದೆ. ಗೇರ್‌ಬಾಕ್ಸ್ ಇಳಿಸಿದಾಗ ಆ ಮುಖವನ್ನು ಬೆಳಕಿನಲ್ಲಿ ನೋಡು. ತೆಳುವಾದ ಗೆರೆಗಳು, ಸಣ್ಣ ಹೊಳಪು ಇದ್ದರೆ ಗಾಬರಿ ಬೇಡ. ನೀಲಿ ಮಚ್ಚೆಗಳಿದ್ದರೆ ಅಲ್ಲಿ ಕಬ್ಬಿಣ ಗಟ್ಟಿಯಾಗಿರಬಹುದು. ಅದನ್ನು ಬರೀ ಲೇತಿನಲ್ಲಿ ಹೊಡೆಸಿದರೆ ಉಳಿ ಆ ಗಟ್ಟಿ ಜಾಗದ ಮೇಲೆ ಹಾರಿ ಉಬ್ಬು ಉಳಿಯುತ್ತದೆ. ಅದಕ್ಕೆ ಗ್ರೈಂಡಿಂಗ್ ಕಲ್ಲೇ ಬೇಕು. ಉಗುರಿಗೆ ಸಿಗುವಷ್ಟು ಬಿರುಕಿದ್ದರೆ ಮಾತೇ ಇಲ್ಲ, ಹೊಸದು. ಬಿರುಕಿಲ್ಲದ ಒಂದೇ ತುಂಡಿನ ಫ್ಲೈವೀಲನ್ನು ಗ್ರೈಂಡ್ ಮಾಡಿಸಿ ಮತ್ತೆ ಹಾಕುವುದು ಜಗತ್ತಿನ ಎಲ್ಲ ಕಡೆ ನಡೆದುಬಂದ ಕ್ರಮ. ಕೆಲವು ಟರ್ಬೊ ಕಾರುಗಳಲ್ಲಿ ಒಳಗೆ ಸ್ಪ್ರಿಂಗ್ ಇಟ್ಟ ಎರಡು ತುಂಡಿನ ಫ್ಲೈವೀಲ್ ಇರುತ್ತದೆ. ಅದರ ಆಟ ಕಂಪನಿಯ ಮಿತಿ ಮೀರಿದ್ದರೆ ಮಾತ್ರ ಬದಲಿಸುವ ಮಾತು ನ್ಯಾಯ. ಅಳೆಯದೆ ಬದಲಿಸು ಎನ್ನುವುದು ನ್ಯಾಯವಲ್ಲ.

ಅಳತೆ ಎಂದರೆ ಹೆದರಬೇಡ. ಹಲವು ಸರ್ವಿಸ್ ಮ್ಯಾನ್ಯುಯಲ್‌ಗಳಲ್ಲಿ ಒಂದೇ ಬಗೆಯ ಸಂಖ್ಯೆಗಳು ಕಾಣುತ್ತವೆ. ರಿವಿಟ್ ತಲೆ ಲೈನಿಂಗಿನ ಮೇಲ್ಮೈಯಿಂದ ಕನಿಷ್ಠ 0.3 ಮಿಲಿಮೀಟರ್ ಒಳಗಿರಬೇಕು, ಫ್ಲೈವೀಲ್ ಮುಖ ಓಲಾಡುವುದು 0.1 ಮಿಲಿಮೀಟರ್ ಮೀರಬಾರದು. ನಿನ್ನ ಕಾರಿನದೇ ಮ್ಯಾನ್ಯುಯಲ್ ಸಿಕ್ಕರೆ ಅದರಲ್ಲಿರುವುದೇ ಕೊನೆಯ ಮಾತು. ಒಂದು ವರ್ನಿಯರ್, ಒಂದು ಡಯಲ್ ಗೇಜ್ ಇದ್ದರೆ ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಗೆ ಬೇರೆ ಕೂಲಿ ಕೇಳಿದರೂ ಕೊಡು.

ಇಲ್ಲಿ ನಿನ್ನನ್ನು ಬಿಟ್ಟು ಕಾರು ಕಂಪನಿಗಳ ಕಡೆಗೂ ನಾಲ್ಕು ಮಾತು ಹೇಳಬೇಕು. ಈ ಪತ್ರ ಬಹಿರಂಗವಾದದ್ದಕ್ಕೆ ಅದೂ ಕಾರಣ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಶಂಶೇರ್ ಕಟಾರಿಯಾ ಎಂಬುವರು ಕೊಟ್ಟ ದೂರಿನಿಂದ ಶುರುವಾದ ಪ್ರಕರಣ ಅದು. ಬಿಡಿಭಾಗ, ಪರೀಕ್ಷೆಯ ಉಪಕರಣ, ತಾಂತ್ರಿಕ ಮಾಹಿತಿ ಇವನ್ನೆಲ್ಲ ತಮ್ಮ ಡೀಲರುಗಳ ಕೈಯಲ್ಲೇ ಇಟ್ಟುಕೊಂಡು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಎಂದು ಆಯೋಗ ಹೇಳಿತು. ಆ ಪಟ್ಟಿಯಲ್ಲಿ ಫಿಯೆಟ್ ಇತ್ತು, ನಮ್ಮ ಬಿಡದಿಯಲ್ಲಿ ಕಾರು ಮಾಡುವ ಟೊಯೋಟ ಇತ್ತು, ಮಾರುತಿ, ಟಾಟಾ, ಮಹೀಂದ್ರಾ, ಸ್ಕೋಡಾ ಎಲ್ಲ ಇದ್ದವು. ಕಂಪನಿಗಳು ಮೇಲ್ಮನವಿ ಹೋದವು, ದಂಡದ ಲೆಕ್ಕಾಚಾರ ಆಮೇಲೆ ಬದಲಾಯಿತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ಗಾಗಿ ಸಮಿತಿ ಮಾಡಿ, ಅದರ ವ್ಯಾಪ್ತಿಗೆ ವಾಹನಗಳನ್ನೂ ಸೇರಿಸಿತು.

ಈ ಹಕ್ಕು ನಮ್ಮ ಜಿಲ್ಲೆಯ ಮಟ್ಟಿಗೆ ಏನಾಗಬೇಕು ಎಂದು ನಾನು ಸ್ಪಷ್ಟವಾಗಿ ಹೇಳಬಲ್ಲೆ. ಫ್ಲೈವೀಲ್ ಬೋಲ್ಟು, ಬೇರಿಂಗು, ಪ್ಲೇಟು ಬಿಡಿಬಿಡಿಯಾಗಿ ಕೌಂಟರಿನಲ್ಲಿ ಸಿಗಬೇಕು. ಸವೆತದ ಮಿತಿಗಳು ಮಾಗಡಿಯ ಗ್ಯಾರೇಜಿನ ಗೋಡೆಯ ಮೇಲೂ ಇರಬೇಕು. ಬಿಡದಿಯ ಟೊಯೋಟ ಕಿರ್ಲೋಸ್ಕರ್ ಆಟೊ ಪಾರ್ಟ್ಸ್‌ನಲ್ಲಿ ಗೇರ್‌ಬಾಕ್ಸ್‌ಗಳು ತಯಾರಾಗಿ ಹೊರದೇಶಕ್ಕೆ ಹೋಗಿವೆ. ಕ್ಲಚ್ಚಿಗೆ ಹೆಸರಾದ ಲುಕ್ ಕಂಪನಿಯ ಕಾರ್ಖಾನೆ ಪಕ್ಕದ ಹೊಸೂರಿನಲ್ಲಿದೆ. ಬಿಡದಿಯ ಟೊಯೋಟ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ 2007ರಿಂದ ಹಳ್ಳಿಯ ಬಡ ಮನೆಗಳ ಮಕ್ಕಳು ಕಲಿಯುತ್ತಿದ್ದಾರೆ. ಜಿಲ್ಲೆಗೆ ಈಗ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರೂ ಬಂತು. ಇಷ್ಟೆಲ್ಲ ಇರುವ ನೆಲದಲ್ಲಿ ಒಬ್ಬ ಹುಡುಗ ಒಂದು ಪ್ರೆಷರ್ ಪ್ಲೇಟಿಗಾಗಿ ತಿಂಗಳುಗಟ್ಟಲೆ ಕಾಯುವಂತಾದರೆ ಅದು ಅವನ ದುರದೃಷ್ಟವಲ್ಲ. ಕಾರು ಮಾರಿದವರು ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ ಎಂದೇ ಅರ್ಥ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಸೆಟ್ ತರುತ್ತೀಯಾದರೆ ಬಿಲ್ ಇಲ್ಲದ ಅಗ್ಗದ ಡಬ್ಬಿಗೆ ಕೈ ಹಾಕಬೇಡ. ಹೆಸರಾಂತ ಕಂಪನಿಗಳ ಡಬ್ಬಿಯನ್ನೇ ಹೋಲುವ ನಕಲಿ ಮಾಲು ಇದೆ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಹಳೆಯ ಶೇ 28ರ ದರದಲ್ಲಿ ಅಂದಾಜು ಕೊಟ್ಟಿದ್ದಾರೆಯೇ ಎಂದು ಒಮ್ಮೆ ನೋಡು. ರೇಸಿಂಗ್ ಕ್ಲಚ್ ಎಂದು ತಾಮ್ರದ ಬಣ್ಣದ ದಳಗಳಿರುವ ಪ್ಲೇಟ್ ತೋರಿಸುತ್ತಾರೆ. ಅದು ರ‍್ಯಾಲಿಗೆ ಸರಿ. ಟ್ರಾಫಿಕ್‌ನಲ್ಲಿ ಅದು ಹಿಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ. ನಿನ್ನ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಕಾರಿಗೆ ಅದು ಬೇಡ.

ಇನ್ನೊಂದು ಮಾತನ್ನು ನಿನಗಿಂತ ಹೆಚ್ಚಾಗಿ ಗ್ಯಾರೇಜಿನ ಹುಡುಗರಿಗಾಗಿ ಬರೆಯುತ್ತಿದ್ದೇನೆ. ಗೇರ್‌ಬಾಕ್ಸ್ ಇಳಿಸಿದ ಕೂಡಲೇ ಅದರೊಳಗಿನ ಕಪ್ಪು ಧೂಳನ್ನು ಕಂಪ್ರೆಸರ್ ಗಾಳಿ ಹೊಡೆದು ಊದುವುದು ರೂಢಿ. ದಯವಿಟ್ಟು ಅದನ್ನು ನಿಲ್ಲಿಸಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಬಳಸುತ್ತಿದ್ದರು. ಐರೋಪ್ಯ ಒಕ್ಕೂಟ ಅದನ್ನು 2005ರಲ್ಲಿ ಪೂರ್ತಿ ನಿಷೇಧಿಸಿತು, ನಮ್ಮ ದೇಶದಲ್ಲಿ ಅಂಥ ನಿಷೇಧವಿಲ್ಲ. ಹೆಸರಿಲ್ಲದ ಲೈನಿಂಗಿನಲ್ಲಿ ಏನಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಮತ್ತು ಆ ಕಾಯಿಲೆ ಕಾಣಿಸಿಕೊಳ್ಳಲು ದಶಕಗಳು ಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿ. ಮಾಸ್ಕ್ ಹಾಕಿಕೊಳ್ಳಿ. ಹದಿನೆಂಟರ ಹುಡುಗನ ಶ್ವಾಸಕೋಶಕ್ಕೆ ಹೊಸ ಸೆಟ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಾಗಾದರೆ ನೀನು ಮಾಡಬೇಕಾದದ್ದು ಇಷ್ಟು. ಮಾಗಡಿಯವರನ್ನೇ ಕೆಲಸಕ್ಕೆ ಒಪ್ಪಿಸು, ಅವರ ಕೈ ಒಳ್ಳೆಯದು. ಹೊಸ ಪ್ಲೇಟು, ಬೇರಿಂಗು ಮೊದಲೇ ತರಿಸಿಟ್ಟುಕೊ. ಪ್ರೆಷರ್ ಪ್ಲೇಟಿಗೆ ಆರ್ಡರ್ ಕೊಟ್ಟು ದಿನಾಂಕ ಬರೆಸಿಕೊ. ಭಾಗಗಳು ಕೈಗೆ ಬರುವವರೆಗೆ ಗೇರ್‌ಬಾಕ್ಸ್ ಇಳಿಸಬೇಡ, ಕಾರು ಗ್ಯಾರೇಜಿನ ಮುಂದೆ ಧೂಳು ತಿನ್ನುವುದು ಬೇಡ. ತೆಗೆದ ಹಳೆಯ ಭಾಗಗಳೆಲ್ಲ ನಿನ್ನ ಕೈಗೆ ಬರಬೇಕು ಎಂದು ಮೊದಲೇ ಹೇಳು. ಕೆಲಸ ಮುಗಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಊರೊಳಗೆ ಮೆಲ್ಲಗೆ ಓಡಿಸು, ಹೊಸ ಲೈನಿಂಗ್ ಮುಖಕ್ಕೆ ಮುಖ ಕೂರಲಿ. ಸ್ನೇಹಿತರಿಗೆ ತೋರಿಸಲು ಜಾಡಿಸಿ ಓಡಿಸುವುದನ್ನು ಅಲ್ಲಿಯವರೆಗೆ ಮುಂದೂಡು. ಗೇರ್ ಹಾಕಿದ ಮೇಲೆ ಎಡಗಾಲು ಪೆಡಲ್ ಮೇಲೆ ಇಡಬೇಡ.

ಗೇರ್‌ಬಾಕ್ಸ್ ಇಳಿಸುವ ದಿನ ಗೊತ್ತಾದರೆ ಹಿಂದಿನ ರಾತ್ರಿ ಒಂದು ಫೋನ್ ಮಾಡು. ಡಯಲ್ ಗೇಜ್ ನನ್ನ ಹತ್ತಿರ ಇದೆ, ತೆಗೆದುಕೊಂಡು ಬೆಳಿಗ್ಗೆ ಒಂಬತ್ತಕ್ಕೆ ಮಾಗಡಿಯಲ್ಲಿರುತ್ತೇನೆ.

ನಿನ್ನ ಅಣ್ಣ